ಜಾಲಪುಟದಲ್ಲಿ ಕುಣಿಯುವ ಚಿತ್ರ: ಎಲ್ಲಿ ಬೇಕು, ಎಲ್ಲಿ ಬೇಡ



ಸೋನಾಮಸೂರಿ ಅಕ್ಕಿಯನ್ನು ನೇರವಾಗಿ ಮಾರಲಿಕ್ಕೆ, ಹೊಳೆದಂಡೆಯ ಊರುಗಳ ಸುದ್ದಿ ತಿಳಿಸಲಿಕ್ಕೆ ಜಾಲಪುಟ ಮಾಡಿಸುವ ಮಾತು ಈಗ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಇದು ಸಂತೋಷದ ವಿಷಯ. ಆದರೆ ಪುಟ ತೆರೆದೊಡನೆ ದೀಪ ಮಿನುಗುವುದು, ಹೂವು ಉದುರುವುದು, ‘ಸುಸ್ವಾಗತ’ ಎಂಬ ಅಕ್ಷರ ಕುಣಿಯುವುದು, ಇವನ್ನು ಹಾಕಿಸುವ ಮೊದಲು ತುಸು ವಿಚಾರ ಮಾಡಿರಿ.

ಇಂಥ ಚಿತ್ರಗಳಲ್ಲಿ ಹೆಚ್ಚು ಬಳಕೆಯದು ‘ಜಿಫ್’. ಅಮೆರಿಕದ ಕಂಪ್ಯುಸರ್ವ್ ಕಂಪನಿ ಇದನ್ನು 1987ರಲ್ಲಿ ಹೊರತಂದಿತು. ಹಲವು ಸ್ಥಿರಚಿತ್ರಗಳು ಒಂದರ ಹಿಂದೊಂದು ಬರುವುದರಿಂದ ಚಲಿಸಿದಂತೆ ಕಾಣುತ್ತದೆ. ಚಿತ್ರಗಳು ಹೆಚ್ಚಿದಷ್ಟೂ ಹೊರೆ ಹೆಚ್ಚು. ಸಿಗ್ನಲ್ ಕಡಿಮೆ ಇರುವ ಹೊಲದಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿರುತ್ತಾನೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅಲುಗುವುದರ ಕಡೆಗೆ ಕಣ್ಣು ತಾನೇ ಓಡುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ವಿರೂಪಾಪುರಗಡ್ಡೆಯ ಸುತ್ತಲೂ ನೀರಾಗಿ, ಸಿಕ್ಕಿಬಿದ್ದವರನ್ನು ದೋಣಿ, ಹೆಲಿಕಾಪ್ಟರುಗಳಿಂದ ಪಾರುಮಾಡಬೇಕಾಯಿತು. ಅಂಥ ದಿನ ಗಡ್ಡೆಯವರೊಬ್ಬರು ಪುಟ ತೆರೆದರೆನ್ನಿ. ಎಷ್ಟು ಕ್ಯೂಸೆಕ್ಸ್ ನೀರು, ಎಷ್ಟು ಗಂಟೆಗೆ ಎಂಬ ಸಾಲಿನ ಪಕ್ಕದಲ್ಲಿ ಹರಿಗೋಲೊಂದು ತಿರುಗುತ್ತಿದ್ದರೆ ಕಣ್ಣು ಹರಿಗೋಲಿಗೇ ಹೋಗುತ್ತದೆ. ಆ ಸಾಲೇ ಓಡುವ ಅಕ್ಷರವಾದರಂತೂ ಅರ್ಧ ಓದುವಷ್ಟರಲ್ಲಿ ಮಾಯ! ಎಚ್ಚರಿಕೆಯ ಮಾತು ದಪ್ಪಕ್ಷರದಲ್ಲಿ, ಪುಟದ ತಲೆಯಲ್ಲಿ, ಕದಲದೆ ನಿಲ್ಲತಕ್ಕದ್ದು.

ಹಾಗಾದರೆ ಚಲನೆಯೇ ಬೇಡವೆ? ಬೇಕು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತಮಗೆ ಗೊತ್ತಿದೆ. ತೊಗಲುಗೊಂಬೆಯಾಟ ನೋಡಿದವರು ನೆನಪು ಮಾಡಿಕೊಳ್ಳಿರಿ. ಮಾತಾಡುವ ಗೊಂಬೆ ಅಲುಗುತ್ತದೆ, ಕೇಳುವ ಗೊಂಬೆ ಸುಮ್ಮನಿರುತ್ತದೆ. ಎಲ್ಲವೂ ಕುಣಿದರೆ ಮಾತು ಯಾರದೆಂದು ತಿಳಿಯುವುದು ಹೇಗೆ?

ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಆರಿಸುವುದನ್ನೇ ತೆಗೆದುಕೊಳ್ಳಿರಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಬೀಜ ಸುರಿದರೆ ಜಳ್ಳು ಮೇಲೆ ಬರುತ್ತದೆ, ಗಟ್ಟಿಕಾಳು ತಳ ಸೇರುತ್ತದೆ. ಗಟ್ಟಿಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆಯಬೇಕು. ಇದನ್ನು ಒಂದು ಪುಟ ಬರೆದು ವಿವರಿಸುವುದಕ್ಕಿಂತ ನಾಲ್ಕೈದು ಚಿತ್ರಗಳ ಚಲನೆ ಚೆನ್ನಾಗಿ ತಿಳಿಸುತ್ತದೆ. ಇಲ್ಲಿ ಚಲನೆಯೇ ಪಾಠ. ಅಕ್ಕಿಚೀಲ ಗಿರಗಿರನೆ ತಿರುಗಿದರೆ ಅಕ್ಕಿಯ ಗುಣ ತಿಳಿಯದು; ಅದಕ್ಕೆ ಒಂದು ಸ್ವಚ್ಛ ಫೋಟೋ, ದರ, ತೂಕ ಸಾಕು.

ಮಿನುಗುವ ಬೆಳಕಿನಲ್ಲಿ ಅಪಾಯವೂ ಉಂಟು. 1997ರ ಡಿಸೆಂಬರಿನಲ್ಲಿ ಜಪಾನಿನ ಟಿ.ವಿ. ಕಾರ್ಟೂನೊಂದರಲ್ಲಿ ಕೆಂಪು, ನೀಲಿ ಬೆಳಕು ಬೇಗಬೇಗನೆ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಜನರನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೆಲವರಿಗೆ ಫಿಟ್ಸ್ ಬಂದಿತ್ತು. ಜಾಲದ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾತು ಹೀಗಿದೆ: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಯಾವುದೂ ಮಿನುಗಬಾರದು, ತಾನಾಗಿ ಆರಂಭವಾಗಿ 5 ಸೆಕೆಂಡು ಮೀರಿ ಅಲುಗುವುದನ್ನು ನಿಲ್ಲಿಸಲು ಓದುಗರಿಗೆ ಗುಂಡಿ ಇರಬೇಕು.

ಪುಟ ಕಟ್ಟುವವರಿಗೆ ಹಣ ಕೊಡುವ ಮೊದಲು ಆ ಗುಂಡಿಯನ್ನು ಕೇಳಿರಿ. ಆಮೇಲೆ ಮನೆಯಲ್ಲಿರುವ ಹಳೆಯ ಫೋನೊಂದನ್ನು ಹೊಳೆದಂಡೆಗೆ ಒಯ್ದು, ಬಿಸಿಲಿನಲ್ಲಿ ಪುಟ ತೆರೆದು ನೋಡಿರಿ.