ಪರದೇಶದಲ್ಲಿ ನಮ್ಮ ಇಂಗ್ಲಿಷ್

ರಜೆಗೆಂದು ರಾಮಗಿರಿಗೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. “ಆಪಾ, ನಮಗೆ ಇಂಗ್ಲಿಷ್ ಬರೋದಿಲ್ಲ. ಅಲ್ಲಿಗೆ ಹೋಗಿ ಹೇಗೆ ಬದುಕೋದು?” ಕೇಳುವವರು ಗಂಡನಿಂದ ವೀಸಾ ಬರುವುದನ್ನೇ ಕಾಯುತ್ತಿರುವ ಹೆಣ್ಣುಮಕ್ಕಳು. ಹೊಳಲ್ಕೆರೆ, ಹೊಸದುರ್ಗದ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರು. ಗಲ್ಫಿನ ಭಾರತೀಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಟೀಚರ್. ಆದ್ದರಿಂದ ಈ ಪ್ರಶ್ನೆಗೆ ಉತ್ತರ ನನ್ನ ಬಳಿ ಇದೆಯೆಂದು ಅವರ ನಂಬಿಕೆ. ನಿಮ್ಮ ಮನೆಯಲ್ಲೂ ಇದೇ ಚಿಂತೆ ಇರಬಹುದು. ಅದಕ್ಕೇ ನನಗೆ ಪಾಠ ಕಲಿಸಿದ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ.

ನಾನು ಹೋದ ಮೊದಲ ವರ್ಷ. ಪಕ್ಕದ ಫ್ಲಾಟಿನಲ್ಲಿ ನಮ್ಮ ಕಡೆಯ ಒಬ್ಬ ತಾಯಿ ಇದ್ದಳು. ಓದಿದ್ದು ಏಳನೇ ತರಗತಿ. ಒಂದು ರಾತ್ರಿ ಆಕೆಯ ಮಗುವಿಗೆ ಭೇದಿ ಹತ್ತಿತು. ಗಂಡ ಡ್ಯೂಟಿಯಲ್ಲಿದ್ದ. “ನೀವು ಇಂಗ್ಲಿಷ್ ಟೀಚರ್, ಜೊತೆಗೆ ಬನ್ನಿ” ಎಂದು ನನ್ನನ್ನು ಎಬ್ಬಿಸಿದಳು. ಆಸ್ಪತ್ರೆಯಲ್ಲಿದ್ದವಳು ಫಿಲಿಪ್ಪೀನ್ಸಿನ ನರ್ಸ್. ಎಂ.ಎ. ಓದಿದ ನಾನು ಧೈರ್ಯವಾಗಿ ಹೇಳಿದೆ: “ಲೂಸ್ ಮೋಷನ್ ಸಿನ್ಸ್ ಯೆಸ್ಟರ್‌ಡೇ ನೈಟ್.” ಆಕೆ ಮುಖ ಮುಖ ನೋಡಿದಳು. ನಾನು ಅದನ್ನೇ ಇನ್ನೊಮ್ಮೆ, ಜೋರಾಗಿ ಹೇಳಿದೆ. ಅರ್ಥವಾಗಲಿಲ್ಲ.

ಆ ತಾಯಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಮುಂದೆ ಹೋದಳು. “ಬೇಬಿ ಟಾಯ್ಲೆಟ್ ಟೆನ್ ಟೈಮ್ಸ್. ಓನ್ಲಿ ವಾಟರ್. ನೋ ಮಿಲ್ಕ್. ನೋ ಪಿಸ್ಸಿಂಗ್” ಎಂದಳು. ನರ್ಸ್ ಒಂದು ಕ್ಷಣವೂ ತಡಮಾಡದೆ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಮಗುವಿನ ಮೈಯಲ್ಲಿ ನೀರಿನಂಶ ಬಹಳ ಕಡಿಮೆಯಾಗಿತ್ತು. ಡ್ರಿಪ್ ಹಾಕಿದ ಮೇಲೆ, ಅಲ್‌ಹಮ್ದುಲಿಲ್ಲಾಹ್, ಬೆಳಗಿನ ಹೊತ್ತಿಗೆ ಕಣ್ಣು ತೆರೆಯಿತು.

‘ಲೂಸ್ ಮೋಷನ್’ ನಮ್ಮ ದೇಶದ ಇಂಗ್ಲಿಷ್. ಹೊರಗಿನವರು ‘ಡಯೇರಿಯಾ’ ಎನ್ನುತ್ತಾರೆ. ಅಂದು ನನ್ನ ಪದವಿ ಕೆಲಸಕ್ಕೆ ಬರಲಿಲ್ಲ. ಆಕೆಯ ಬಿಡಿಬಿಡಿ ಮಾತು ಮಗುವನ್ನು ಉಳಿಸಿತು.

ತಪ್ಪಲ್ಲ, ಆದರೆ ಗಡಿ ದಾಟದು

ಹಾಗಾದರೆ ನಾವು ಆಡುವ ಇಂಗ್ಲಿಷ್ ತಪ್ಪೇ? ಅಲ್ಲ. ಅದು ನಮ್ಮ ಮನೆಮಾತಿನ ಬಟ್ಟೆ ತೊಟ್ಟ ಇಂಗ್ಲಿಷ್. ಕನ್ನಡದಲ್ಲಿ ‘ಇಲ್ಲೇ ಇದ್ದೇನೆ’ ಎನ್ನುತ್ತೇವೆ, ಉರ್ದುವಿನಲ್ಲಿ ‘ಯಹೀಂ ಹ್ಞೂಂ’ ಎನ್ನುತ್ತೇವೆ. ಅದೇ ಒತ್ತು ‘ಐ ಆಮ್ ಹಿಯರ್ ಓನ್ಲಿ’ ಆಗುತ್ತದೆ. ಚಿಕ್ಕಪ್ಪ, ಸೋದರಮಾವ, ಖಾಲಾ, ಫುಫೂ ಎಂದು ಒಂದೊಂದು ನಂಟಿಗೂ ನಮ್ಮಲ್ಲಿ ಬೇರೆ ಹೆಸರಿದೆ. ಇಂಗ್ಲಿಷಿನಲ್ಲಿರುವುದು ಅಂಕಲ್, ಆಂಟಿ, ಕಸಿನ್ ಅಷ್ಟೇ. ಅದು ಸಾಲದೆ ನಾವು ‘ಕಸಿನ್ ಬ್ರದರ್’ ಎನ್ನುತ್ತೇವೆ. ‘ಪ್ರಿಪೋನ್’ ಎಂಬ ನಮ್ಮ ಪದವನ್ನು ಈಗ ಆಕ್ಸ್‌ಫರ್ಡ್ ನಿಘಂಟೂ ಸೇರಿಸಿಕೊಂಡಿದೆ. ಆದ್ದರಿಂದ ನಾಚಿಕೆಪಡಬೇಕಾದ್ದೇನೂ ಇಲ್ಲ.

ಆದರೆ ಕೆಲವು ಮಾತುಗಳು ಹೊರದೇಶದಲ್ಲಿ ಬೇರೆ ಅರ್ಥ ಕೊಡುತ್ತವೆ. ‘ನನ್ನ ಮಗ ಪಾಸ್ ಔಟ್ ಆದ’ ಎಂದರೆ ಅವನು ಪ್ರಜ್ಞೆ ತಪ್ಪಿ ಬಿದ್ದನೆಂದು ಕೇಳಿದವರು ಗಾಬರಿಯಾಗಬಹುದು. ‘ಗ್ರಾಜುಯೇಟೆಡ್’ ಎನ್ನಿ. ‘ಔಟ್ ಆಫ್ ಸ್ಟೇಷನ್’ ಬ್ರಿಟಿಷ್ ಅಧಿಕಾರಿಗಳ ಕಾಲದ ಮಾತು, ‘ಔಟ್ ಆಫ್ ಟೌನ್’ ಸಾಕು. ‘ಹೋಟೆಲ್’ ಎಂದರೆ ಅಲ್ಲಿ ಉಳಿದುಕೊಳ್ಳುವ ಜಾಗ, ಊಟಕ್ಕೆ ‘ರೆಸ್ಟೋರೆಂಟ್’. ಲಕ್ಷ, ಕೋಟಿಗಳ ಲೆಕ್ಕ ಬಹಳ ಮಂದಿಗೆ ತಿಳಿಯದು. ಲಕ್ಷಕ್ಕೆ ‘ಹಂಡ್ರೆಡ್ ಥೌಸಂಡ್’, ಕೋಟಿಗೆ ‘ಟೆನ್ ಮಿಲಿಯನ್’ ಎನ್ನಬೇಕು. ‘ಊಟ ಆಯ್ತಾ?’ ಎಂಬ ನಮ್ಮ ಪ್ರೀತಿಯ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದರೆ ನೀವು ಊಟಕ್ಕೆ ಕರೆಯುತ್ತಿದ್ದೀರೆಂದು ಅವರು ತಿಳಿದಾರು!

ಹೊರಡುವ ಮುನ್ನ

ಇನ್ನು ಉಚ್ಚಾರಣೆಯ ಭಯ. ಅಮೆರಿಕದವರಂತೆ ನಾಲಿಗೆ ಹೊರಳಿಸಲು ಕಲಿಸುತ್ತೇವೆಂದು ಹಣ ಕೀಳುವವರಿದ್ದಾರೆ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿಯೂ ಬ್ರಿಟಿಷರಂತೆ ಮಾತನಾಡಬೇಕೆಂಬ ನಿಯಮವಿಲ್ಲ. ಮಾತು ಸರಾಗವಾಗಿದೆಯೇ, ಪದಗಳು, ವ್ಯಾಕರಣ ಹೇಗಿವೆ, ಉಚ್ಚಾರಣೆ ತಿಳಿಯುವಂತಿದೆಯೇ ಎಂದು ನೋಡುತ್ತಾರೆ. ಗಲ್ಫಿನಲ್ಲಿ ನಿಮ್ಮೊಡನೆ ಮಾತನಾಡುವ ಅಂಗಡಿಯವನು, ಡ್ರೈವರ್, ನರ್ಸ್ ಯಾರಿಗೂ ಇಂಗ್ಲಿಷ್ ಮನೆಮಾತಲ್ಲ. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ ಮಾತನಾಡುವವರೇ ಅಲ್ಲಿ ಗೆಲ್ಲುವುದು.

ಒಂದು ಸಣ್ಣ ನೋಟ್‌ಬುಕ್ ಮಾಡಿಕೊಳ್ಳಿ. ನಿಮ್ಮ ಕಟ್ಟಡದ ಹೆಸರು, ಫ್ಲಾಟ್ ನಂಬರ್, ಗಂಡನ ಕಂಪನಿಯ ಹೆಸರು, ಮಕ್ಕಳ ರಕ್ತದ ಗುಂಪು, ಒಗ್ಗದ ಔಷಧಿ ಇಷ್ಟನ್ನು ಬರೆದು ಬಾಯಿಪಾಠ ಮಾಡಿ. ಜ್ವರ, ವಾಂತಿ, ಉಸಿರಾಟದ ತೊಂದರೆ, ಎದೆನೋವು ಇವುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕಲಿಯಿರಿ. ತುರ್ತು ಸಂಖ್ಯೆ ದೇಶದಿಂದ ದೇಶಕ್ಕೆ ಬೇರೆ. ಯುಎಇಯಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 998. ಒಮಾನಿನಲ್ಲಿ 9999. ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಈ ಒಂದು ಪುಟ ದೊಡ್ಡ ಪದವಿಗಿಂತ ಹೆಚ್ಚಿನದು.

ಮನೆಮಾತನ್ನು ಬಿಡಬೇಡಿ

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವ ವಿಷಯ ಬೇರೆಯೇ ಇದೆ. ಗಲ್ಫಿನಲ್ಲಿ ಭಾರತೀಯ ಶಾಲೆಗಳು ಇಂದು ನಿನ್ನೆಯವಲ್ಲ. ಬಹ್ರೇನಿನ ಇಂಡಿಯನ್ ಸ್ಕೂಲ್ 1950ರಲ್ಲಿ, ದುಬೈಯ ಇಂಡಿಯನ್ ಹೈಸ್ಕೂಲ್ 1961ರಲ್ಲಿ ಆರಂಭವಾದವು. ಇಂತಹ ಶಾಲೆಗಳಲ್ಲಿ ಮಕ್ಕಳು ಇಂಗ್ಲಿಷ್ ಬೇಗ ಕಲಿಯುತ್ತಾರೆ. ಅಷ್ಟೇ ಬೇಗ ತಾಯಿಯ ಇಂಗ್ಲಿಷಿಗೆ ನಗಲೂ ಕಲಿಯುತ್ತಾರೆ. “ಅಮ್ಮೀ, ನೀನು ಪೇರೆಂಟ್ಸ್ ಮೀಟಿಂಗಿಗೆ ಬರಬೇಡ, ಅಬ್ಬಾ ಬರಲಿ” ಎಂದು ಮಗ ಹೇಳಿದ್ದನ್ನು ಕಣ್ಣೀರು ಹಾಕುತ್ತಾ ನನಗೆ ತಿಳಿಸಿದ ತಾಯಂದಿರಿದ್ದಾರೆ. ಸಹೋದರಿಯರೇ, ಆ ಮೀಟಿಂಗಿಗೆ ತಪ್ಪದೆ ಹೋಗಿ. ಉರ್ದುವಿನಲ್ಲೋ ಹಿಂದಿಯಲ್ಲೋ ಮಾತನಾಡಿ. ಭಾರತೀಯ ಶಾಲೆಯ ಟೀಚರ್‌ಗಳಲ್ಲಿ ಬಹುತೇಕರಿಗೆ ಅದು ಅರ್ಥವಾಗುತ್ತದೆ.

ಇನ್ನೊಂದು ಮಾತು. ಗಲ್ಫಿನ ವಾಸ ಕೆಲಸ ಇರುವವರೆಗೆ. ಒಂದು ದಿನ ಮಕ್ಕಳೊಂದಿಗೆ ಹಿಂತಿರುಗುವವರೇ ಹೆಚ್ಚು. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಡ್ಡಾಯ ಭಾಷೆ. ಕೆ.ಎ.ಎಸ್. ಮುಖ್ಯ ಪರೀಕ್ಷೆಯಲ್ಲೂ ಕನ್ನಡ ಪತ್ರಿಕೆಯಲ್ಲಿ ತೇರ್ಗಡೆಯಾಗಲೇಬೇಕು. ಅಂದು ಅಕ್ಷರ ಬಾರದ ಮಗು ತನ್ನ ಊರಿನಲ್ಲೇ ಪರದೇಶಿಯಾಗುತ್ತದೆ. ದುಬೈಯಲ್ಲಿ ಕನ್ನಡ ಮಿತ್ರರು ಸಂಘದವರು ಮಕ್ಕಳಿಗಾಗಿ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಾರೆ. ಅಂತಹ ಅನುಕೂಲ ಇಲ್ಲದ ಕಡೆ ತಾಯಿಯೇ ಪಾಠಶಾಲೆ. ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಿ. ಶುಕ್ರವಾರ ದಾದಿಗೆ ಫೋನ್ ಮಾಡಿದಾಗ ಮಗುವೇ ಮಾತನಾಡಲಿ.

ಅಂದು ಡ್ರಿಪ್ ಹಾಕಿಸಿಕೊಂಡ ಮಗು ಈಗ ನನ್ನ ತರಗತಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಚುರುಕು. ಕಳೆದ ವರ್ಷ ‘ನನ್ನ ಮೆಚ್ಚಿನ ವ್ಯಕ್ತಿ’ ಎಂಬ ಪ್ರಬಂಧ ಬರೆಯಲು ಹೇಳಿದಾಗ ಅವನು ತಾಯಿಯ ಬಗ್ಗೆ ಬರೆದ. ಆ ರಾತ್ರಿಯ ಕಥೆಯನ್ನು ಅವನಿಗೆ ಹೇಳಿದವಳು ನಾನೇ. ನಿಮ್ಮ ಮಕ್ಕಳಿಗೂ ಹೇಳಿ: ಭಾಷೆ ಇರುವುದು ಮೆರೆಯಲು ಅಲ್ಲ, ತಲುಪಲು.