ಕೇಳುವವರ ಮಾತು, ಹೇಳುವವರ ರೂಪಕ: ಡೇವಿಡ್ ಗ್ರೋವ್ ಅವರ ಪ್ರಶ್ನಾಕ್ರಮ ಮತ್ತು ಕನ್ನಡದ ಸಂದರ್ಭ

ಕ್ಷೇತ್ರಕಾರ್ಯವನ್ನು ಆಧರಿಸಿದ ಸಂಶೋಧನ ಪ್ರಬಂಧಗಳ ಅನುಬಂಧದಲ್ಲಿ ಪ್ರಶ್ನಾವಳಿಯೊಂದು ಇರುವುದು ವಾಡಿಕೆ. ಆದರೆ ಆ ಪ್ರಶ್ನೆಗಳ ಭಾಷೆಯೇ ಉತ್ತರವನ್ನು ಎಷ್ಟರಮಟ್ಟಿಗೆ ರೂಪಿಸಿತು ಎಂಬ ಚರ್ಚೆ ಪ್ರಬಂಧದ ಒಡಲಲ್ಲಿ ಅಪರೂಪ. 'ಅತ್ತೆಮನೆಯ ಕಿರುಕುಳದಿಂದ ನಿಮಗೆ ನೋವಾಯಿತೇ?' ಎಂದು ವಕ್ತೃವೊಬ್ಬರನ್ನು ಕೇಳಿದಾಗ, ನಡೆದದ್ದು ಕಿರುಕುಳ, ಅದರ ಮೂಲ ಅತ್ತೆಮನೆ, ಅದರ ಫಲ ನೋವು ಎಂಬ ಮೂರು ತೀರ್ಮಾನಗಳು ಉತ್ತರಕ್ಕೆ ಮೊದಲೇ ಆಗಿಹೋಗಿರುತ್ತವೆ. ಆಕೆ 'ಹೌದ್ರೀ' ಎಂದರೆ ಸಂಶೋಧಕರ ಸಿದ್ಧಾಂತಕ್ಕೆ ಸಾಕ್ಷ್ಯ ದೊರೆತಂತಾಗುತ್ತದೆ. ಆಕೆಯ ಮಾತು ಮಾತ್ರ ದೊರೆತಿರುವುದಿಲ್ಲ. ಈ ಹಿನ್ನೆಲೆಯಲ್ಲಿ, ಮನೋಚಿಕಿತ್ಸೆಯಲ್ಲಿ ಹುಟ್ಟಿ ಮುಂದೆ ವ್ಯಕ್ತಿ ಮಾರ್ಗದರ್ಶನ, ಗುಂಪು ಚರ್ಚೆ ಹಾಗೂ ಸಂದರ್ಶನಗಳಿಗೂ ಹಬ್ಬಿದ 'ಕ್ಲೀನ್ ಲ್ಯಾಂಗ್ವೇಜ್' ಎಂಬ ಪ್ರಶ್ನಾಕ್ರಮವನ್ನು ಪರಿಶೀಲಿಸುವುದು ಉಪಯುಕ್ತ.

ಹೆಸರಿನ ವಿಚಾರವಾಗಿ ಒಂದು ಮಾತು. ಇದನ್ನು 'ಶುದ್ಧ ಭಾಷೆ' ಎಂದು ಅನುವಾದಿಸಿದರೆ ಶಿಷ್ಟ-ಅಶಿಷ್ಟ ಭಾಷೆಯ ಹಳೆಯ ವಾಗ್ವಾದವೂ, 'ಅಚ್ಚ ನುಡಿ' ಎಂದರೆ ಆಂಡಯ್ಯನೂ ನೆನಪಾಗುತ್ತಾರೆ. ಇಲ್ಲಿ ಆ ಅರ್ಥಗಳಿಲ್ಲ. ಕೇಳುವವರ ಊಹೆ, ಸಲಹೆ, ಉಪಮೆಗಳು ಬೆರೆಯದ ಪ್ರಶ್ನೆ ಎಂಬಷ್ಟೇ ಇದರ ಆಶಯ. ಆದ್ದರಿಂದ ಮೂಲದ ಹೆಸರನ್ನೇ ಉಳಿಸಿಕೊಳ್ಳುವುದು ಕ್ಷೇಮ.

ನ್ಯೂಜಿಲೆಂಡ್ ಮೂಲದ ಚಿಕಿತ್ಸಕ ಡೇವಿಡ್ ಗ್ರೋವ್ (1950-2008) ಅವರು 1980ರ ದಶಕದಲ್ಲಿ ಆಘಾತಕ್ಕೊಳಗಾದವರೊಡನೆ ಕೆಲಸ ಮಾಡುತ್ತಿದ್ದಾಗ ಎರಡು ಸಂಗತಿಗಳನ್ನು ಗಮನಿಸಿದರು. ಒಂದು, ಚಿಕಿತ್ಸಕರು ರೋಗಿಯ ಮಾತನ್ನು ಮರುನುಡಿಯುವಾಗ ಅರಿವಿಲ್ಲದೆ ಅದನ್ನು ತಮ್ಮ ಮಾತಿಗೆ ತಿರುಗಿಸುತ್ತಾರೆ. ಇನ್ನೊಂದು, ಹೇಳಲಾಗದ್ದನ್ನು ಹೇಳಬೇಕಾದಾಗ ಜನ ತಾವಾಗಿಯೇ ರೂಪಕಕ್ಕೆ ಶರಣಾಗುತ್ತಾರೆ. ಆ ರೂಪಕವನ್ನು ಬಿಡಿಸಿ ಅರ್ಥ ಹೇಳುವುದರ ಬದಲು ಅದರೊಳಗೇ ನಿಂತು ಪ್ರಶ್ನಿಸುವ ಕ್ರಮವನ್ನು ಅವರು ರೂಢಿಸಿದರು. ಪಾಂಜರ್ ಅವರೊಡನೆ ಬರೆದ ಗ್ರಂಥ 1989ರಲ್ಲಿ ಪ್ರಕಟವಾಯಿತು. ಬಳಿಕ ಜೇಮ್ಸ್ ಲಾಲಿ ಹಾಗೂ ಪೆನ್ನಿ ಟಾಂಪ್ಕಿನ್ಸ್ ಅವರು ಗ್ರೋವ್ ಕೆಲಸ ಮಾಡುವ ಬಗೆಯನ್ನು ಅಭ್ಯಸಿಸಿ 2000ದಲ್ಲಿ 'ಮೆಟಫರ್ಸ್ ಇನ್ ಮೈಂಡ್' ಎಂಬ ಕೃತಿಯಲ್ಲಿ ಅದನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ರೂಪಕವು ಮಾತಿನ ಅಲಂಕಾರವಷ್ಟೇ ಅಲ್ಲ, ಆಲೋಚನೆಯ ರಚನೆ ಎಂಬ ಲೇಕಾಫ್ ಮತ್ತು ಜಾನ್ಸನ್ ಅವರ 1980ರ ಪ್ರತಿಪಾದನೆ ಕನ್ನಡದ ಓದುಗರಿಗೆ ಪರಿಚಿತವೇ ಆಗಿದೆ.

ಪ್ರಶ್ನೆಯ ಒಂದೇ ಪದ ನೆನಪನ್ನು ಬದಲಿಸಬಲ್ಲದು ಎಂಬುದಕ್ಕೆ ಲಾಫ್ಟಸ್ ಮತ್ತು ಪಾಮರ್ ಅವರ 1974ರ ಪ್ರಯೋಗ ಪ್ರಸಿದ್ಧ ನಿದರ್ಶನ. ಕಾರುಗಳ ಅಪಘಾತದ ಚಿತ್ರ ತೋರಿಸಿ, ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತೆಂದು 50 ಜನರನ್ನೂ, 'ಬಡಿದಾಗ' ಎಷ್ಟಿತ್ತೆಂದು ಬೇರೆ 50 ಜನರನ್ನೂ ಕೇಳಲಾಯಿತು. ವಾರದ ನಂತರ ಒಡೆದ ಗಾಜನ್ನು ಕಂಡಿರೇ ಎಂದಾಗ ಮೊದಲ ಗುಂಪಿನಲ್ಲಿ 16 ಜನ, ಎರಡನೆಯದರಲ್ಲಿ 7 ಜನ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಗ್ರೋವ್ ಪರಂಪರೆಯ ಮೂಲ ಪ್ರಶ್ನೆಗಳು ಸುಮಾರು ಒಂದು ಡಜನ್. 'ಅದು ಎಂಥದು?', 'ಅದರ ಬಗ್ಗೆ ಮತ್ತೇನಾದರೂ ಇದೆಯೇ?' ಎಂಬೆರಡು ಎಲ್ಲಕ್ಕಿಂತ ಹೆಚ್ಚು ಬಳಕೆಯವು. ಅದು ಎಲ್ಲಿದೆ, ಯಾವುದರ ಹಾಗಿದೆ, ಮುಂದೇನಾಗುತ್ತದೆ, ಅದಕ್ಕೆ ತುಸು ಮುಂಚೆ ಏನಾಗುತ್ತದೆ, ಏನಾಗಬೇಕೆಂದು ಅದಕ್ಕೆ ಅನ್ನಿಸುತ್ತದೆ ಎಂಬಂಥವು ಉಳಿದವು. ಹೇಳಿದವರ ಪದವನ್ನು ಇದ್ದಂತೆಯೇ ಪುನರುಚ್ಚರಿಸಿ, ಬಳಿಕ ಪ್ರಶ್ನೆಯನ್ನು ಜೋಡಿಸುವುದು ಇದರ ಕಟ್ಟು.

ಒಂದು ಕಲ್ಪಿತ ಸಂದರ್ಭದಿಂದ ಇದು ಸ್ಪಷ್ಟವಾಗಬಹುದು. ಉತ್ತರ ಕರ್ನಾಟಕದ ಹಳ್ಳಿಯೊಂದರ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು 'ಸಭಾದಾಗ ಮಾತಾಡಬೇಕಂದ್ರ ಗಂಟಲದಾಗ ಗಂಟು ಇದ್ದಂಗ ಆಗ್ತೈತ್ರೀ' ಎನ್ನುತ್ತಾರೆ. ತರಬೇತಿ ನೀಡುವವರು ಸಾಮಾನ್ಯವಾಗಿ 'ಹೆದರಬೇಡ್ರೀ ಅಕ್ಕಾರ, ಧೈರ್ಯ ಮಾಡ್ರಿ' ಎಂದು ಹುರಿದುಂಬಿಸುತ್ತಾರೆ. ಆಕೆ ಹೆದರಿಕೆ ಎಂದಿಲ್ಲ, ಗಂಟು ಎಂದಿದ್ದಾರೆ. ಕನ್ನಡದಲ್ಲಿ ಗಂಟು ಹಗ್ಗದ ತೊಡಕೂ ಹೌದು, ಕಟ್ಟಿ ಕೂಡಿಟ್ಟ ಸಂಪತ್ತೂ ಹೌದು. 'ಗಂಟಲದಾಗ ಗಂಟು ಇದ್ದಂಗ. ಆ ಗಂಟು ಎಂಥಾ ಗಂಟ್ರೀ?' ಎಂದು ಕೇಳಿದರೆ 'ಬೀಜದ ಗಂಟ್ರೀ, ಬಿಚ್ಚಿದ್ರ ಚೆಲ್ಲಿ ಹೋಗ್ತೈತಿ' ಎಂಬ ಉತ್ತರವೂ ಬರಬಹುದು. ಆಗ ಸಮಸ್ಯೆಯ ಸ್ವರೂಪವೇ ಬೇರೆಯಾಗುತ್ತದೆ. ಆಕೆಯ ಮೌನ ಅಂಜಿಕೆಯಲ್ಲ, ಜೋಪಾನ. 'ಬೀಜದ ಗಂಟಿಗೆ ಏನಾಗಬೇಕು ಅನ್ನಸ್ತೈತ್ರೀ?' ಎಂಬ ಮುಂದಿನ ಪ್ರಶ್ನೆಗೆ ಹದ, ಮಳೆ, ಹೊಲಗಳ ಮಾತು ಬಂದರೆ, ಎಂಥ ಸಭೆಯಲ್ಲಿ ಯಾವಾಗ ಮಾತಾಡಬಲ್ಲೆನೆಂಬುದನ್ನು ಆಕೆಯೇ ಕಂಡುಕೊಳ್ಳುತ್ತಾರೆ. ಧೈರ್ಯದ ಉಪದೇಶ ಈ ದಾರಿಯನ್ನು ಮೊದಲ ಮಾತಿನಲ್ಲೇ ಮುಚ್ಚಿಬಿಡುತ್ತಿತ್ತು.

ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕುತೂಹಲದ ಅಂಶವಿದೆ. ಕವಿರಾಜಮಾರ್ಗದಿಂದ ಮೊದಲುಗೊಂಡು ನಮ್ಮ ಲಕ್ಷಣಗ್ರಂಥಗಳು ರೂಪಕವನ್ನು ಸಹೃದಯರಿಗೆ ಗಮ್ಯವಾಗುವ ಉಕ್ತಿಯೆಂದು ಭಾವಿಸುತ್ತವೆ. ಉಪಮಾನ ಉಪಮೇಯಗಳ ಸಮಾನಧರ್ಮ ಓದುಗರಿಗೂ ಕಾಣಬೇಕು. ಗ್ರೋವ್ ಅವರ ಕ್ರಮದಲ್ಲಿ ಸಮಾನಧರ್ಮವನ್ನು ಕೇಳುವವರು ಊಹಿಸುವಂತೆಯೇ ಇಲ್ಲ. ಸಹೃದಯನ ಅತ್ಯುತ್ಸಾಹವೇ ಇಲ್ಲಿ ದೋಷ. ಸಾಹಿತ್ಯದ ಅಧ್ಯಾಪಕರಿಗೆ ಈ ಸಂಯಮ ಇತರರಿಗಿಂತ ಕಷ್ಟವಾದರೆ ಆಶ್ಚರ್ಯವಿಲ್ಲ.

ಗುಂಪಿನ ವಿಷಯಕ್ಕೆ ಬಂದರೆ, ಕೇಟ್ಲಿನ್ ವಾಕರ್ ಅವರು ಈ ಕ್ರಮವನ್ನು ಗುಂಪುಗಳಿಗೆ ಅಳವಡಿಸಿದ ಬಗೆಯನ್ನು 2014ರ ತಮ್ಮ ಕೃತಿಯಲ್ಲಿ ವಿವರಿಸಿದ್ದಾರೆ. ನೀವು ಅತ್ಯುತ್ತಮವಾಗಿ ಕಲಿಯುತ್ತಿರುವಾಗ ಅದು ಯಾವುದರ ಹಾಗಿರುತ್ತದೆ ಎಂದು ಪ್ರತಿಯೊಬ್ಬರನ್ನೂ ಕೇಳುವುದು, ಉತ್ತರಗಳನ್ನು ಒಂದಾಗಿಸದೆ ಬಿಡುವುದು ಇದರ ತಿರುಳು. ನಮ್ಮ ಸಭೆಗಳಲ್ಲಿ ಸುಗಮಕಾರರು 'ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ' ಎಂದು ತಾವೇ ರೂಪಕ ಹಂಚುತ್ತಾರೆ. ಆದರೆ ಒಬ್ಬರಿಗೆ ಕೂಡಿ ಕೆಲಸ ಮಾಡುವುದು ತೇರೆಳೆದಂತೆ, ಮತ್ತೊಬ್ಬರಿಗೆ ಕೋಲಾಟದಂತೆ ಇರಬಹುದು. ತೇರಿನಲ್ಲಿ ಎಲ್ಲರ ಬಲ ಒಂದೇ ದಿಕ್ಕಿಗೆ. ಕೋಲಾಟದಲ್ಲಿ ಜೊತೆಗಾರರು ಎದುರುಬದುರಾಗಬೇಕು, ಸ್ಥಾನ ಬದಲಿಸಬೇಕು. ಇವರಿಬ್ಬರೂ 'ಸಹಕಾರ' ಎಂಬ ಒಂದೇ ಪದ ಬಳಸಿ ವರ್ಷಗಟ್ಟಲೆ ಜಗಳವಾಡಬಲ್ಲರು.

ಈ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು ಅಂದುಕೊಂಡಷ್ಟು ಸುಲಭವಲ್ಲ. 'ಅಂತೆ' ಎಂಬುದು ಹೋಲಿಕೆಯನ್ನೂ ವದಂತಿಯನ್ನೂ ಸೂಚಿಸುವುದರಿಂದ 'ಅದು ಗೋಡೆಯಂತೆ' ಎಂಬ ಮಾತು ಎರಡರ್ಥಕ್ಕೆ ಎಡೆಕೊಡುತ್ತದೆ. ಆಡುಮಾತಿನ 'ಹಾಗೆ', 'ಥರ', 'ಹಂಗ' ಇಲ್ಲಿ ಮೇಲು. ಸರ್ವನಾಮದ್ದು ಇನ್ನೂ ದೊಡ್ಡ ತೊಡಕು. ಎದೆಯೊಳಗೆ ಕಾವಲುಗಾರನಿದ್ದ ಹಾಗಿದೆ ಎಂದವರಿಗೆ 'ಅವನು ಎಲ್ಲಿದ್ದಾನೆ?' ಎಂದರೂ 'ಅವರು ಎಲ್ಲಿದ್ದಾರೆ?' ಎಂದರೂ ಗೌರವದ ತೀರ್ಪೊಂದು ನುಸುಳಿಬಿಡುತ್ತದೆ. ವಕ್ತೃ ಬಳಸಿದ ರೂಪವನ್ನೇ ಹಿಂದಿರುಗಿಸುವುದೊಂದೇ ಉಪಾಯ. ಇನ್ನೊಂದೆಡೆ ಕನ್ನಡದ ಅನುಕೂಲವೂ ಇದೆ. 'ನನಗೆ ಭಯವಾಗುತ್ತದೆ' ಎಂಬ ಚತುರ್ಥಿಯ ರಚನೆಯಲ್ಲಿ ಭಾವವು ವ್ಯಕ್ತಿಗೆ ಒದಗುವ ಸಂಗತಿಯೇ ಹೊರತು ವ್ಯಕ್ತಿಯ ಗುಣವಲ್ಲ. ಆದ್ದರಿಂದ 'ಆ ಭಯ ಎಲ್ಲಿದೆ?' ಎಂಬ ಪ್ರಶ್ನೆ ಕನ್ನಡದ ಕಿವಿಗೆ ವಿಚಿತ್ರವೆನಿಸದು.

ಯಾವ ಪ್ರಶ್ನೆಯೂ ಪೂರ್ಣ ತಟಸ್ಥವಲ್ಲ. ಹತ್ತು ಪದಗಳಲ್ಲಿ ಗಂಟನ್ನೇ ಆರಿಸಿ ಕೇಳುವುದು ಗಮನವನ್ನು ಅತ್ತ ತಿರುಗಿಸುವ ಕ್ರಿಯೆಯೇ. 'ಎಲ್ಲಿದೆ' ಎಂಬುದು ಜಾಗವೊಂದನ್ನು ಪೂರ್ವಭಾವಿಸುತ್ತದೆ. ತಟಸ್ಥತೆ ಇಲ್ಲಿ ಪ್ರಮಾಣದ ಮಾತು. ಅದಲ್ಲದೆ ಆಘಾತದ ಚಿಕಿತ್ಸೆಗಾಗಿ ರೂಪುಗೊಂಡ ಈ ಉಪಕರಣ ಮೃದುವಾಗಿ ಕಂಡರೂ ಆಳಕ್ಕೆ ಇಳಿಯಬಲ್ಲದು. ಸಂಶೋಧಕರು ಚಿಕಿತ್ಸಕರಲ್ಲ, ವಕ್ತೃ ನಿಲ್ಲಿಸಬಯಸಿದಲ್ಲಿ ಪ್ರಶ್ನೆ ನಿಲ್ಲಲೇಬೇಕು.

ಸಂಶೋಧನೆಯಲ್ಲಿ ಇದರ ಬಳಕೆಗೆ ಟೋಸಿ, ಲಾಲಿ ಮತ್ತು ಮೀಸ್ ಅವರ 2014ರ ಲೇಖನ ಒಂದು ಮಾದರಿ. ಉದ್ಯೋಗ ಮತ್ತು ಬದುಕಿನ 'ಸಮತೋಲ'ದ ಬಗೆಗೆ ಆರು ಮಂದಿ ವ್ಯವಸ್ಥಾಪಕರ ಸ್ವಂತ ರೂಪಕಗಳನ್ನು ಅವರು ಸಂಗ್ರಹಿಸಿದರು. ಸಮತೋಲವೆಂಬುದೇ ತಕ್ಕಡಿಯ ರೂಪಕ, ಅದನ್ನು ಎಲ್ಲರ ಅನುಭವವೆಂದು ಭಾವಿಸುವಂತಿಲ್ಲ. ನಮ್ಮ ಲಿಪ್ಯಂತರಗಳಲ್ಲಿ ವಕ್ತೃವಿನ 'ಬ್ಯಾಸರ' ಗ್ರಂಥಸ್ಥವಾಗುವಾಗ 'ವಿಷಾದ'ವಾಗುವುದೂ ಇದೇ ಬಗೆಯ ಹಸ್ತಕ್ಷೇಪ. ಅದಕ್ಕಿಂತ ಹೆಚ್ಚಿನದು, ಪ್ರಶ್ನೆಗಳನ್ನು ಅಳಿಸಿ ಉತ್ತರಗಳನ್ನಷ್ಟೇ ಆತ್ಮಕಥನದಂತೆ ಹೆಣೆದು ಮುದ್ರಿಸುವ ರೂಢಿ. ಅಂಥ ಪಠ್ಯದಲ್ಲಿ ಯಾವ ರೂಪಕ ಹೇಳಿದವರದು, ಯಾವುದು ಕೇಳಿದವರದು ಎಂದು ಮುಂದಿನ ಅಧ್ಯಯನಕಾರರು ಬೇರ್ಪಡಿಸಲಾರರು. ಮೂಲ ಧ್ವನಿಮುದ್ರಣ ಉಳಿದಿದ್ದರೆ ಅದು ಸಾಧ್ಯ, ಇಲ್ಲವಾದರೆ ಇಲ್ಲ.