ಮೂತ್ರಕೋಶದ ಒಳಗೋಡೆಯ ಕಾವಲು

ಚಿಕ್ಕರಸಿನಕೆರೆ ಸೀಮೆಯಲ್ಲಿ ನಾಟಿಗೋ ಕಬ್ಬಿನ ಕೆಲಸಕ್ಕೋ ಹೊರಟ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ನೀರು ಕುಡಿಯಲು ಹಿಂಜರಿಯುತ್ತಾರೆ. ಗದ್ದೆ ಬಯಲಲ್ಲಿ ಮರೆಯಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು? ಸಂಜೆವರೆಗೂ ತಡೆದುಕೊಂಡು ಉರಿಮೂತ್ರ ಶುರುವಾದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಬಹಳಷ್ಟು ಸಲ ಆ ಉರಿಗೆ ಕಾರಣ ಉಷ್ಣವಲ್ಲ, ನಮ್ಮ ಕರುಳಿನಲ್ಲೇ ಬದುಕುವ ಇ. ಕೋಲೈ ಬ್ಯಾಕ್ಟೀರಿಯಾ.

ಮೂತ್ರ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ. ಇದ್ದರೆ ಹೆಂಗಸರಲ್ಲಿ ಬರೀ 4 ಸೆಂ.ಮೀ. ದಾರಿ ಇಷ್ಟು ಹತ್ತಿರವಿದ್ದೂ ದಿನವೂ ಸೋಂಕು ತಗಲುವುದಿಲ್ಲವಲ್ಲ, ನನಗೆ ಅದೇ ದೊಡ್ಡ ಸೋಜಿಗ.

ಮೂತ್ರಕೋಶದ ಒಳಮೈಗೆ ಸಕ್ಕರೆಸರಪಳಿಗಳಿಂದಾದ ತೆಳು ಲೋಳೆಯ ಹೊದಿಕೆಯಿದೆ. ಅದು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪಾಚಿಗಟ್ಟಿದ ಕೆರೆಮೆಟ್ಟಿಲ ಮೇಲೆ ಕಾಲಿಟ್ಟವರಂತೆ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಲೋವೆಲ್ ಪಾರ್ಸನ್ಸ್ ಮತ್ತು ಸಂಗಡಿಗರು ಮೊಲಗಳ ಮೂತ್ರಕೋಶದ ಲೋಳೆಯನ್ನು ಆಮ್ಲದಿಂದ ತೊಳೆದು ನೋಡಿದರು. ಬ್ಯಾಕ್ಟೀರಿಯಾ ಗೋಡೆಗೆ ಎಷ್ಟೋ ಪಟ್ಟು ಹೆಚ್ಚಾಗಿ ಅಂಟಿಕೊಂಡವು. ಅದೇ ಬಗೆಯ ಸರಪಳಿಯಾದ ಹೆಪಾರಿನ್ ಹಾಕಿದಾಗ ಅಂಟುವುದು ಮತ್ತೆ ಇಳಿಯಿತು.

ಮೂತ್ರದಲ್ಲೂ ಒಂದು ಕಾವಲಿದೆ. ಮೂತ್ರಪಿಂಡ ತಯಾರಿಸುವ ಯೂರೋಮಾಡ್ಯುಲಿನ್ ಎಂಬ ಪ್ರೋಟೀನು, ಬ್ಯಾಕ್ಟೀರಿಯಾದ ಅಂಟುಕೂದಲುಗಳ ತುದಿಯನ್ನು ತಾನೇ ಹಿಡಿದು ಮೂತ್ರದ ಜೊತೆ ಹೊರಗೆ ಸಾಗಿಸುತ್ತದೆ. ಸಾಗಿಸಬೇಕಾದರೆ ಮೂತ್ರ ಹರಿಯಬೇಕು! ನೀರು ಕುಡಿಯದೆ, ಬಂದದ್ದನ್ನೂ ತಡೆದಿಟ್ಟರೆ ಈ ಏರ್ಪಾಡಿನ ಬಲ ಕುಗ್ಗುತ್ತದೆ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ ಉಳಿದವರಿಗೆ 3.2 ಸಲ. ಹೊಲದ ಹತ್ತಿರ ಒಂದು ಶೌಚಾಲಯ ಬೇಕು ಎನ್ನುವುದು ಹಾಗಾಗಿ ನನ್ನ ಮಟ್ಟಿಗೆ ಔಷಧಿಯಷ್ಟೇ ಮುಖ್ಯವಾದ ಬೇಡಿಕೆ.

ಇಷ್ಟಾದರೂ ಕೆಲವು ಬ್ಯಾಕ್ಟೀರಿಯಾ ಗೋಡೆ ಹಿಡಿಯುತ್ತವೆ. ಆಗ ಮೇಲುಪದರದ ಜೀವಕೋಶಗಳು ಅವುಗಳ ಸಮೇತ ಕಳಚಿ ಬಿದ್ದು ಮೂತ್ರದಲ್ಲಿ ಹೋಗುತ್ತವೆ. ಕೆಳಗಿನಿಂದ ಹೊಸವು ಬೆಳೆಯುತ್ತವೆ. ಆದರೆ ಕಳಚಿದ ಜಾಗದಿಂದ ಒಳಪದರಕ್ಕೆ ನುಸುಳಿ ಅಡಗಿ ಕೂತ ಬ್ಯಾಕ್ಟೀರಿಯಾ ವಾರಗಳ ನಂತರ ಮತ್ತೆ ತಲೆಯೆತ್ತುವುದನ್ನು ವಿಜ್ಞಾನಿಗಳು ಇಲಿಗಳಲ್ಲಿ ಕಂಡಿದ್ದಾರೆ. ಉರಿ ಪದೇ ಪದೇ ಮರಳುವವರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಯಾವ ಆಂಟಿಬಯಾಟಿಕ್ ನಾಟುತ್ತದೆಂದು ತಿಳಿದೇ ಔಷಧಿ ತೆಗೆದುಕೊಳ್ಳಬೇಕು. ಚಳಿಜ್ವರ, ಪಕ್ಕೆನೋವು ಜೊತೆಗೂಡಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಬಸುರಿಯರಂತೂ ಉರಿ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು.